ತುರ್ಕುವಿನಿಂದ ಅಡ್ಯಾರಿಗೆ ಒಂದು ಎಳೆ

ಕೇಳುಗರಿಗೆ ನಮಸ್ಕಾರ.

ಫಿನ್ಲೆಂಡಿನ ನೈಋತ್ಯ ಕರಾವಳಿಯಲ್ಲಿ ಎರಡು ಹೆಸರಿನ ಒಂದು ಊರಿದೆ. ಫಿನ್ನಿಷ್ ಮಾತನಾಡುವವರಿಗೆ ಅದು ತುರ್ಕು, ಸ್ವೀಡಿಷ್ ಮನೆಮಾತಿನವರಿಗೆ ಓಬೂ. ದೇಶದಲ್ಲಿ ಈ ಸ್ವೀಡಿಷ್ ಮಾತಿನವರು ನೂರಕ್ಕೆ ಸುಮಾರು ಐದು ಮಂದಿ. ಸ್ವಾತಂತ್ರ್ಯ ಬಂದ ಮರುವರ್ಷ, 1918ರಲ್ಲಿ, ದಾನಿಗಳ ಹಣ ಕೂಡಿಸಿ ಅವರು ಅಲ್ಲಿ ತಮ್ಮ ಭಾಷೆಯ ವಿಶ್ವವಿದ್ಯಾಲಯ ಕಟ್ಟಿದರು. ಅದೇ ಓಬೂ ಅಕಾಡೆಮಿ.

ಅಲ್ಲಿನ ಕಲಾ ಇತಿಹಾಸ ಪೀಠದಲ್ಲಿ ಮೊದಲು ತಂದೆ, ಆಮೇಲೆ ಮಗ ಕುಳಿತರು. ಊರಿನ ಹಳೆಯ ಚರ್ಚುಗಳ ಪಟ್ಟಿ ಮಾಡಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಇಬ್ಬರ ಕಣ್ಣೂ ದೂರಕ್ಕೆ ಹೋಯಿತು. ತಂದೆ ಲಾರ್ಸ್-ಈವಾರ್ ರಿಂಗ್‌ಬೊಮ್, ಮಧ್ಯಯುಗದ ಜರ್ಮನ್ ಕಾವ್ಯವೊಂದರಲ್ಲಿ ಬರುವ ಗ್ರೇಲ್ ಎಂಬ ಪವಿತ್ರ ಪಾತ್ರೆಯ ದೇಗುಲದ ಮೂಲವನ್ನು ಹುಡುಕುತ್ತ ಇರಾನಿನ ಪುರಾತನ ಅಗ್ನಿದೇಗುಲದ ನೆಲೆ ತಖ್ತ್-ಎ-ಸುಲೈಮಾನ್‌ವರೆಗೆ ಹೋದರು. ಆ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಧೈರ್ಯವನ್ನಂತೂ ಮೆಚ್ಚುತ್ತೇನೆ. ಅದನ್ನು ಅವರು ಬರೆದದ್ದು ಜರ್ಮನ್‌ನಲ್ಲಿ. ಮನೆಮಾತಿನಲ್ಲಿ ಬರೆದರೆ ಓದುವವರು ಎಷ್ಟು ಮಂದಿ ಸಿಕ್ಕಾರು ಎಂಬ ಲೆಕ್ಕ ನಮಗೂ ಹೊಸದಲ್ಲ.

ಮಗ ಸಿಕ್ಸ್ಟೆನ್ ಹಿಡಿದ ಎಳೆ ಇನ್ನೂ ಗಟ್ಟಿ. ಚಿತ್ರದಿಂದ ಮನುಷ್ಯನನ್ನೂ ಮರವನ್ನೂ ಬಿಡಿಸಿ ಬರಿಯ ಬಣ್ಣ, ಗೆರೆ ಉಳಿಸಿದ ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿಗೆ ಆ ದಾರಿ ಎಲ್ಲಿಂದ ಹೊಳೆಯಿತು? ಕಲಾವಿದ ಓದಿದ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಕೆದಕಿದ ಸಿಕ್ಸ್ಟೆನ್‌ಗೆ ಸಿಕ್ಕಿದ್ದು ಥಿಯಾಸಫಿ, ಎಲ್ಲ ಧರ್ಮಗಳ ಒಳಗೂ ಒಂದೇ ಗೂಢ ಸತ್ಯವಿದೆ ಎನ್ನುವ ಪಂಥ. ಅದರ ಕೇಂದ್ರ ಅಡ್ಯಾರು. ಮಂಗಳೂರಿನ ಪಕ್ಕದ್ದಲ್ಲ, ಮದ್ರಾಸಿನದು. ಆ ಪಂಥದ ಮುಂದಾಳುಗಳಾದ ಆನಿ ಬೆಸೆಂಟ್ ಮತ್ತು ಲೆಡ್‌ಬೀಟರ್ ಸೇರಿ ಮಾಡಿದ ಒಂದು ಪುಸ್ತಕದಲ್ಲಿ ಭಾವನೆಗಳಿಗೆ, ದಿವ್ಯದೃಷ್ಟಿಗೆ ಕಂಡವೆಂದು ಹೇಳುವ ಬಣ್ಣವೂ ಆಕಾರವೂ ಇವೆ. ಭಕ್ತಿ ಎಂದರೆ ಮೇಲಕ್ಕೆ ಚಿಮ್ಮುವ ನೀಲಿ ಶಂಕು. ಕೋಪ ಕೆಂಪು ಮಿಂಚು. ಇನ್ನೊಂದು ಪುಟದಲ್ಲಿ ಪುಟ್ಟ ಚರ್ಚು, ಅದರ ನೆತ್ತಿಯ ಮೇಲೆ ಬೆಟ್ಟದ ಸಾಲಿನಂತೆ ಎದ್ದು ನಿಂತ ಜರ್ಮನ್ ಸಂಗೀತಗಾರ ವ್ಯಾಗ್ನರನ ಸಂಗೀತ! ಆ ಪುಸ್ತಕದ ಜರ್ಮನ್ ಅನುವಾದ ಕ್ಯಾಂಡಿನ್‌ಸ್ಕಿಯ ಬಳಿ ಇತ್ತು.

ಸಿಕ್ಸ್ಟೆನ್ ಇದನ್ನು 1966ರಲ್ಲಿ ಲೇಖನವಾಗಿ, 1970ರಲ್ಲಿ ಪುಸ್ತಕವಾಗಿ ಇಂಗ್ಲಿಷಿನಲ್ಲಿ ಹೊರತಂದರು. ಆಧುನಿಕ ಕಲೆಯ ಬೇರಿಗೆ ದಿವ್ಯದೃಷ್ಟಿ, ಪ್ರಭಾವಳಿಗಳ ಮಣ್ಣು ಅಂಟಿದೆ ಎಂಬುದು ಹಲವರಿಗೆ ಮುಜುಗರದ ಮಾತು. 1986ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೂರ್ತ ಚಿತ್ರಕಲೆಯ ಆಧ್ಯಾತ್ಮಿಕ ಬೇರುಗಳನ್ನೇ ಕುರಿತು ದೊಡ್ಡ ಪ್ರದರ್ಶನ ಏರ್ಪಟ್ಟಿತು. ಅದರ ಗ್ರಂಥಕ್ಕೆ ಲೇಖನ ಬರೆದವರಲ್ಲಿ ತುರ್ಕುವಿನ ಈ ಪ್ರಾಧ್ಯಾಪಕರೂ ಒಬ್ಬರು.