ಒಡ್ಡನ್ನು ಬರಿಮೈಯಲ್ಲಿ ಬಿಡಬೇಡಿ

ರೈತ ಬಂಧುಗಳಿಗೆ, ತಾಯಂದಿರಿಗೆ ನಮಸ್ಕಾರ.

ಕೃಷಿ ಹೊಂಡದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಹೊಂಡ ಎಷ್ಟು ಉದ್ದ, ಎಷ್ಟು ಆಳ ಅನ್ನೋದನ್ನು ನಾನು ಹೇಳುವುದಿಲ್ಲ. ಅದು ನಿಮಗೆ ಗೊತ್ತು. 2014-15ರಲ್ಲಿ ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಹೊಂಡ ಇಲ್ಲದ ಊರು ಸಿಗುವುದೇ ಕಷ್ಟ. ನಾನು ಹೇಳಲು ಬಂದಿರುವುದು ಒಂದೇ ಮಾತು. ಹೊಂಡದ ಒಡ್ಡನ್ನು ಬರಿಮೈಯಲ್ಲಿ ಬಿಡಬೇಡಿ. ಬಳ್ಳಿ ಹಬ್ಬಿಸಿ, ಹುಲ್ಲು ಹಚ್ಚಿ, ಒಟ್ಟಿನಲ್ಲಿ ಹಸಿರು ಹೊದಿಸಿ.

ಯಂತ್ರಕ್ಕೆ ದುಡ್ಡು ಕೊಡುತ್ತೀರಿ, ಪ್ಲಾಸ್ಟಿಕ್ ಹಾಳೆಗೆ ಕೊಡುತ್ತೀರಿ, ಪಂಪಿಗೆ ಕೊಡುತ್ತೀರಿ. ತೋಡಿದ ಮಣ್ಣನ್ನು ಮಾತ್ರ ಸುತ್ತಲೂ ಗುಡ್ಡೆ ಹಾಕಿ ಸುಮ್ನೆ ಬಿಡುತ್ತೀರಿ. ಮುಂದಿನ ಮಳೆಗೆ ಅದೇ ಮಣ್ಣು ಹೊಂಡಕ್ಕೆ ವಾಪಸ್ ಬರುತ್ತದೆ. ದುಡ್ಡು ಕೊಟ್ಟು ಮೇಲೆ ತೆಗೆಸಿದ ಮಣ್ಣಲ್ವಾ ಅದು?

ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಕಡಿಮೆ ಮಳೆ, ಮಣ್ಣೇನು ಕೊಚ್ಚಿ ಹೋದೀತು ಅಂತ ಕೇಳುವವರಿದ್ದಾರೆ. ಆದರೆ ಅದು ಬೀಳುವ ರೀತಿ ನೋಡಿ. ಸೆಪ್ಟೆಂಬರ್ ಸುಮಾರಿನ ಹುಬ್ಬಿ, ಉತ್ತರಿ ಮಳೆ ಹಿಡಿದರೆ ಒಂದೇ ರಾತ್ರಿಗೆ ಹಳ್ಳ ತುಂಬುತ್ತದೆ. ದಪ್ಪ ಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಬರಿ ಮಣ್ಣಿನ ಮೇಲೆ ಬಿದ್ದರೆ ಮಣ್ಣು ಸಿಡಿಯುತ್ತದೆ, ಸಿಡಿದದ್ದು ನೀರಿನ ಜೊತೆ ಹರಿಯುತ್ತದೆ. ನಮ್ಮ ಎರೆಮಣ್ಣಿನದು, ಅಂದರೆ ಕಪ್ಪು ಮಣ್ಣಿನದು, ಇನ್ನೊಂದು ಕಷ್ಟ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮೊದಲ ಮಳೆಯ ನೀರು ಆ ಬಿರುಕಿಗೆ ಇಳಿದು ಒಡ್ಡನ್ನು ಹೋಳು ಹೋಳಾಗಿ ಕೆಡವುತ್ತದೆ.

ಮಳೆ ನಿಂತ ಮೇಲೆ ನಿಮ್ಮದೇ ಒಡ್ಡಿನ ಹತ್ತಿರ ಕೂತು ನೋಡಿ. ಸಣ್ಣ ಸಣ್ಣ ಹರಳುಗಳ ಕೆಳಗೆ ಮಾತ್ರ ಮಣ್ಣು ಬೆರಳೆತ್ತರ ಎದ್ದು ನಿಂತಿರುತ್ತದೆ. ಸುತ್ತಲಿನದೆಲ್ಲ ಹೋಗಿರುತ್ತದೆ. ಹನಿಯ ಏಟನ್ನು ಹರಳು ತಡೆದಿದೆ, ಅದಕ್ಕೇ ಅಷ್ಟು ಮಣ್ಣು ಉಳಿದಿದೆ. ಒಂದು ಹರಳೇ ಇಷ್ಟು ಮಾಡುತ್ತದೆ ಅಂದರೆ ಎಲೆ, ಬೇರು ಎರಡೂ ಇರುವ ಬಳ್ಳಿ ಎಷ್ಟು ಮಾಡಬೇಡ!

ಸಿಂದಗಿ ಕಡೆಯ ಒಂದು ಊರಿನ ಸಂಗತಿ ಹೇಳುತ್ತೇನೆ. ಎಲ್ಲಿ ಹೋದರೂ ನಾನು ಇದನ್ನು ಹೇಳದೆ ಬಿಡುವುದಿಲ್ಲ. ಅಲ್ಲಿ ಅಕ್ಕಪಕ್ಕದ ಎರಡು ಹೊಲ. ಒಂದೇ ಬೇಸಿಗೆಯಲ್ಲಿ, ಒಂದೇ ಯಂತ್ರದಿಂದ ತೋಡಿದ ಎರಡು ಹೊಂಡ. ಒಂದರ ಯಜಮಾನರು ಬಹಳ ಅಚ್ಚುಕಟ್ಟು. ಒಡ್ಡಿನ ಮೇಲೆ ಒಂದು ಕಡ್ಡಿ ಹಸಿರು ಕಂಡರೂ ಸಲಿಕೆ ಹಿಡಿದು ಹೊರಡುತ್ತಿದ್ದರು. ಇನ್ನೊಂದು ಹೊಲ ನೋಡಿಕೊಳ್ಳುತ್ತಿದ್ದವರು ಒಬ್ಬ ಹೆಣ್ಣುಮಗಳು. ಮನೆಯಲ್ಲಿ ಎರಡು ಎಮ್ಮೆ. ಆಕೆ ಜೂನ್ ತಿಂಗಳ ಮಿರಗದ ಮಳೆಗೆ ಒಡ್ಡಿನ ತುಂಬ ಮಡಿಕೆ ಕಾಳು ಚೆಲ್ಲಿದ್ದರು. ಅದರ ನಡುನಡುವೆ, ಗುಡಿಯ ಬೇಲಿಯಿಂದ ಬಿಡಿಸಿ ತಂದ ಶಂಖಪುಷ್ಪದ ಬೀಜ ಊರಿದ್ದರು.

ಉತ್ತರಿ ಮಳೆ ಒಂದು ರಾತ್ರಿ ಜೋರಾಗಿ ಹೊಡೆಯಿತು. ಬೆಳಗ್ಗೆ ನಾನು ಅಲ್ಲಿಗೆ ಹೋದೆ. ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು, ಎರೆಮಣ್ಣು ನಿಮಗೆ ಗೊತ್ತಲ್ಲ. ಅಚ್ಚುಕಟ್ಟಿನ ಒಡ್ಡಿನಲ್ಲಿ ಮೇಲಿಂದ ಕೆಳಗಿನವರೆಗೆ ಕೊರಕಲು ಬಿದ್ದಿತ್ತು. ಮೊಣಕೈವರೆಗೆ ಕೈ ಇಳಿಯುತ್ತಿತ್ತು. ಪಕ್ಕದ ಒಡ್ಡಿನಲ್ಲಿ ಬಳ್ಳಿ ಎತ್ತಿ ನೋಡಿದೆ. ಕೆಳಗೆ ಮಣ್ಣು ತೇವವಾಗಿತ್ತು, ಆದರೆ ಕದಲಿರಲಿಲ್ಲ. ಎರೆಹುಳ ಹಿಕ್ಕೆ ಹಾಕಿದ ಗುಡ್ಡೆ ಕೂಡ ಹಾಗೇ ಇತ್ತು.

ಎರಡು ಗಾಜಿನ ಬಾಟಲಿ ತರಿಸಿ, ಎರಡೂ ಹೊಂಡದ ನೀರು ತುಂಬಿ, ಕಟ್ಟೆಯ ಮೇಲೆ ಇಟ್ಟೆವು. ಊರಿನವರೆಲ್ಲ ಬಂದು ನೋಡಿದರು. ಆಕೆಯ ಹೊಂಡದ ನೀರಿನಲ್ಲಿ ಆಚೆ ಹಿಡಿದ ಬೆರಳು ಕಾಣುತ್ತಿತ್ತು. ಇನ್ನೊಂದು ಬಾಟಲಿ ಮರುದಿನವೂ ತಿಳಿಯಾಗಲಿಲ್ಲ. ಎರೆಮಣ್ಣಿನ ಜೇಡಿ ಅಷ್ಟು ನುಣುಪು, ಬೇಗ ತಳ ಹಿಡಿಯುವುದಿಲ್ಲ. ಆ ನೀರನ್ನೇ ನಿಂಬೆ ಗಿಡಕ್ಕೆ ಹನಿ ನೀರಾವರಿಯಲ್ಲಿ ಬಿಟ್ಟರೆ ಫಿಲ್ಟರ್ ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಯಜಮಾನರು ಆಕೆಯನ್ನು ಕೇಳಿದರು, ‘ಇದಕ್ಕ ಎಷ್ಟು ರೊಕ್ಕ ಹಾಕಿದಿಯವ್ವ?’ ‘ಏನ್ ರೊಕ್ಕ ಕಾಕಾ, ಎಮ್ಮಿಗೆ ಮೇವು ಬೇಕಿತ್ತು’ ಅಂದರು ಆಕೆ. ಮುಂದಿನ ಮಿರಗಕ್ಕೆ ಯಜಮಾನರು ಅವರ ಮನೆಯಿಂದಲೇ ಬೀಜ ಒಯ್ದರು.

ಈಗ ಕ್ಲೋವರ್ ವಿಷಯ. ಮೊಬೈಲಿನಲ್ಲಿ ವಿಡಿಯೋ ನೋಡಿ ಬಹಳ ಜನ ಕೇಳುತ್ತಾರೆ. ‘ಸರ್, ವಿದೇಶದಲ್ಲಿ ಕೆರೆ ಸುತ್ತ ಕ್ಲೋವರ್ ಹಾಕ್ತಾರೆ, ಬೀಜ ಎಲ್ಲಿ ಸಿಗ್ತದೆ?’ ಅವರು ಹಾಕುವುದು ಸರಿಯೇ. ಬಿಳಿ ಕ್ಲೋವರ್ ನೆಲದ ಮೇಲೆ ಹರಿದು, ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ಮಣ್ಣು ಹಿಡಿಯುತ್ತದೆ. ಅದು ದ್ವಿದಳ, ಹಾಗಾಗಿ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತದೆ. ಹೂವಿಗೆ ಜೇನು ಬರುತ್ತದೆ, ಸೊಪ್ಪಿಗೆ ಮೊಲ, ಜಿಂಕೆ ಬರುತ್ತವೆ. ಆದರೆ ಅದು ತಂಪು ನಾಡಿನ ಗಿಡ. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ನಿಲ್ಲುವುದಿಲ್ಲ. ಪಂಜಾಬಿನ ಬರ್ಸೀಮ್ ಮೇವೂ ಅದೇ ಕುಲದ್ದು. ಚಳಿಗಾಲದಲ್ಲಿ ನೀರು ಕಟ್ಟಿ ಬೆಳೆಯಬೇಕು, ಬಿಸಿಲು ಬಂದರೆ ಅದರ ಆಟ ಮುಗಿಯಿತು. ಕ್ಲೋವರ್ ಮಾಡುವ ಕೆಲಸವನ್ನೇ ಮಾಡುವ ನಮ್ಮ ಬಳ್ಳಿ ಬೇಲಿಯಲ್ಲೇ ಇರುವಾಗ ದೂರದ ಬೀಜಕ್ಕೆ ಯಾಕೆ ರೊಕ್ಕ ಸುರಿಯುತ್ತೀರಿ?

ಶಂಖಪುಷ್ಪಕ್ಕೆ ಎರೆಮಣ್ಣು ಬಹಳ ಹಿಡಿಸುತ್ತದೆ. ಅದೂ ದ್ವಿದಳ. ದನ ಇಷ್ಟಪಟ್ಟು ತಿನ್ನುತ್ತವೆ. ನೀರು ನಿಲ್ಲುವ ಕಡೆ ಮಾತ್ರ ಬೇಡ, ಒಡ್ಡಿನ ಮೇಲ್ಭಾಗಕ್ಕೆ, ಹೊರ ಇಳಿಜಾರಿಗೆ ಹಾಕಿ. ಮರಡಿ, ಮಸಾರಿ, ಅಂದರೆ ಗರಸು, ಕೆಂಪು ಭೂಮಿಯವರು ಸ್ಟೈಲೋ ಹಮಾಟಾ ಅನ್ನುವ ದ್ವಿದಳ ಮೇವು ಹಾಕಬಹುದು. ಎರೆಯವರಿಗೆ ಸ್ಟೈಲೋದಲ್ಲೇ ಸೀಬ್ರಾನಾ ಅನ್ನುವ ಜಾತಿ ಒಗ್ಗುತ್ತದೆ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಬಿತ್ತುವ ಮೊದಲು 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ಆಮೇಲೆ ತಣ್ಣೀರಿನಲ್ಲಿ ರಾತ್ರಿ ನೆನೆಹಾಕಿ. ಒಡ್ಡಿನ ನೆತ್ತಿಗೆ ಲಾವಂಚದ ಒಂದು ಸಾಲು ಹಚ್ಚಿ, ಗೇಣಿಗೊಂದು ಸಸಿಯಂತೆ. ಅದರ ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿಯುತ್ತದೆ, ಪಕ್ಕದ ಹೊಲಕ್ಕೆ ನುಗ್ಗುವುದಿಲ್ಲ. ಕರಕಿ, ಅಂದರೆ ಗರಿಕೆ ಹುಲ್ಲು, ಬೇಡವಾ ಅಂತ ಕೇಳುತ್ತೀರಿ. ಮಣ್ಣು ಹಿಡಿಯುವುದರಲ್ಲಿ ಕರಕಿ ಗಟ್ಟಿಗ. ಆದರೆ ಹೊಲಕ್ಕೆ ಇಳಿದರೆ ನಿಮ್ಮ ಗೋಳು ನಾನು ಕೇಳಲಾರೆ. ಬೇಡ. ಹಾಳೆ ಹಾಸಿದ ಹೊಂಡದ ಒಡ್ಡಿಗೆ ಮರವೂ ಬೇಡ, ಬೇರು ಹಾಳೆ ತೂತು ಮಾಡುತ್ತದೆ.

ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಹಕ್ಕಿ, ಜೇನಿನ ಬಗ್ಗೆ ಹೇಳುವುದು ಬಹಳ ಇತ್ತು, ಚುಟುಕಾಗಿ ಹೇಳುತ್ತೇನೆ. ಒಡ್ಡಿನಲ್ಲಿ ಹೂವಿದ್ದರೆ ಜೇನು ಹೊಲದ ಹತ್ತಿರವೇ ಇರುತ್ತದೆ. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ತುಂಬಲು ಜೇನು ಬೇಕೇ ಬೇಕು. ಹಸಿರಿದ್ದರೆ ಕಪ್ಪೆ, ಟಿಟ್ಟಿಭ, ಏರೋಪ್ಲೇನ್ ಚಿಟ್ಟೆ ಎಲ್ಲ ಬರುತ್ತವೆ. ಆ ಚಿಟ್ಟೆಯ ಮರಿ ನೀರಿನಲ್ಲಿದ್ದು ಸೊಳ್ಳೆ ಮರಿ ತಿನ್ನುತ್ತದೆ. ಹಾವೂ ಬರುತ್ತದಲ್ಲ ಅನ್ನುವಿರಿ. ನಡೆಯುವ ದಾರಿಯಷ್ಟು ಕೊಯ್ದಿಡಿ, ಉಳಿದದ್ದನ್ನು ಮೇವಿಗೆ ಕೊಯ್ಯುತ್ತಾ ಮೊಣಕಾಲಿಗಿಂತ ಕೆಳಗೆ ಇಡಿ, ರಾತ್ರಿ ಬ್ಯಾಟರಿ ಹಿಡಿದು ಹೋಗಿ. ಇನ್ನೊಂದು, ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಬಿದ್ದ ಜೀವ ಮೇಲೆ ಬರಲಾರದು. ಒಂದು ಮೂಲೆಯಲ್ಲಿ ಗೋಣಿ ತಟ್ಟಿನ ಪಟ್ಟಿ ಇಳಿಬಿಡಿ, ಮೊಲ, ಮುಂಗುಸಿ ಹತ್ತಿ ಬರುತ್ತವೆ. ಮನುಷ್ಯರಿಗೆ ಗಂಟು ಹಾಕಿದ ಹಗ್ಗ ಕಟ್ಟಿ. ಸುತ್ತ ಬೇಲಿ ಇರಲೇಬೇಕು. ಮಕ್ಕಳಿದ್ದಾರೆ.

ಬಿತ್ತುವುದು ಮಿರಗದ ಮಳೆಗೇ. ಆಗ ಬಿತ್ತಿದರೆ ಉತ್ತರಿ ಬರುವ ಹೊತ್ತಿಗೆ ಒಡ್ಡು ಮುಚ್ಚಿರುತ್ತದೆ, ಶ್ರಾವಣ ಕಳೆಯಲಿ ಅಂತ ಕೂತರೆ ಬೀಜ ಹೊಂಡದಲ್ಲಿ ತೇಲುತ್ತದೆ. ಒಡ್ಡನ್ನು ಅಗೆಯಬೇಡಿ, ಮೇಲೆ ಕೆರೆದು, ಬೀಜವನ್ನು ಹಸಿ ಉಸುಕಿನಲ್ಲಿ ಬೆರೆಸಿ ಚೆಲ್ಲಿ, ತೊಗರಿ ಕಟ್ಟಿಗೆ ಹರಡಿ. ಮೊದಲ ವರ್ಷ ಆಡು, ಕುರಿ ಹತ್ತದ ಹಾಗೆ ನೋಡಿಕೊಳ್ಳಿ. ಬೀಜ ಬೇಕಾದವರು ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಶಂಖಪುಷ್ಪಕ್ಕೆ ಅಷ್ಟು ದೂರವೂ ಹೋಗಬೇಕಿಲ್ಲ. ಊರಲ್ಲಿ ಯಾರದಾದರೂ ಬೇಲಿಯಲ್ಲಿ ಒಣಗಿದ ಕಾಯಿ ಇದ್ದರೆ ಕೇಳಿ ಬಿಡಿಸಿಕೊಂಡು, ಬೂದಿ ಹಚ್ಚಿ ಡಬ್ಬಿಯಲ್ಲಿ ಹಾಕಿಡಿ. ನಮಸ್ಕಾರ.