ಎಚ್‌ಒಡಿ ಮುಂದೆ ಮಾತಾಡಬೇಕಾದ್ದು ಮಗ, ಅಪ್ಪ ಅಲ್ಲ

ನಮಸ್ಕಾರ. ರಿಸಲ್ಟ್ ಬಂದ ವಾರ ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಚ್‌ಒಡಿ, ಅಂದ್ರೆ ವಿಭಾಗದ ಮುಖ್ಯಸ್ಥರ ಕೋಣೆ ಹೊರಗೆ ಅಪ್ಪ-ಅಮ್ಮ ಕಾಯ್ತಾ ಕೂತಿರ್ತಾರೆ. ಒಳಗೆ ಹೋದ್ಮೇಲೂ ಮಾತೆಲ್ಲ ಅವರದೇ. ಸಬ್ಜೆಕ್ಟಲ್ಲಿ ಫೇಲಾದ ಮಗ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರ್ತಾನೆ. ಅವನ ಪಾಲಿನ ಮಾತನ್ನ ನಾವು ಆಡಿದಷ್ಟು ದಿನ ಅವನು ಆಡೋದಿಲ್ಲ. ಜೊತೆಗೆ ಹೋಗಿ, ತಪ್ಪಿಲ್ಲ. ಆದ್ರೆ ಹೊರಗಿನ ಬೆಂಚಲ್ಲೇ ಕೂರಿ.

ಅದಕ್ಕೂ ಮೊದಲು ಒಂದು ವಿಷಯ. ಎರಡು ವಾರಕ್ಕಿಂತ ಹೆಚ್ಚಾಗಿ ನಿದ್ದೆ ಕೆಟ್ಟಿದೆ, ಊಟ ಬಿಟ್ಟಿದ್ದಾನೆ, ರೂಮಿಂದ ಹೊರಗೇ ಬರ್ತಿಲ್ಲ ಅಂದ್ರೆ ಅದು ಸೋಮಾರಿತನ ಅಂತ ತೀರ್ಮಾನಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅನ್ನೋ ಮಾತು ಬಂದ್ರೆ ಒಂಟಿಯಾಗಿ ಬಿಡದೆ ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಜವಾಬ್ದಾರಿಯ ಪಾಠ ಆಮೇಲೆ.

ಆರೋಗ್ಯ ಸರಿ ಇದೆ ಅಂದ್ರೆ, ಒಂದು ಭಾನುವಾರ ಅವನ ಜೊತೆ ಅಂಕ, ಹಾಜರಿಯ ಲೆಕ್ಕಕ್ಕೆ ಕೂರಿ. ಲಾಗಿನ್ ಆಗೋದು, ಓದಿ ಹೇಳೋದು ಅವನ ಕೆಲಸ. ಈ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮಲ್ಲಿ (ನಿಯಮಾವಳಿಯಲ್ಲಿ) ಥಿಯರಿ ಸಬ್ಜೆಕ್ಟಿಗೆ ಕಾಲೇಜೇ ಕೊಡೋ ಇಂಟರ್ನಲ್ಸ್ ಅಂಕ 50ಕ್ಕೆ 20, ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ 50ಕ್ಕೆ 18 ಬರಲೇಬೇಕು, ಎರಡೂ ಸೇರಿ 40 ಆಗಬೇಕು. ಅಂದ್ರೆ 20 ಮತ್ತು 18 ತಗೊಂಡವನು ಪಾಸಲ್ಲ. ಹಾಸನದ ಮಲ್ನಾಡ್ ಕಾಲೇಜಿನಂಥ ಸ್ವಾಯತ್ತ ಕಾಲೇಜಿಗೆ ಅದರದೇ ನಿಯಮ ಪುಸ್ತಕ ಇರುತ್ತೆ, ಅದನ್ನ ಅವನೇ ತಂದು ಓದಲಿ.

ಹಾಜರಿ ಇನ್ನೂ ಮುಖ್ಯ. ವಿಟಿಯು ಕೇಳೋದು 85 ಶೇಕಡಾ. ಒಂದು ಸಬ್ಜೆಕ್ಟಿಗೆ 40 ಕ್ಲಾಸಿದ್ರೆ ತಪ್ಪಿಸಿಕೊಳ್ಳೋಕೆ ಇರೋದು ಆರೇ. ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳು ಶನಿವಾರ ಊರಿಗೆ ಬಂದು ಸೋಮವಾರ ಮಧ್ಯಾಹ್ನ ಕಾಲೇಜು ಮುಟ್ಟಿದ್ರೆ, ಸೋಮವಾರ ಬೆಳಗ್ಗೆ ಇರೋ ಸಬ್ಜೆಕ್ಟಲ್ಲಿ ಆ ಆರು ಕ್ಲಾಸು ಒಂದೂವರೆ ತಿಂಗಳಲ್ಲೇ ಖಾಲಿ. ಭಾನುವಾರ ಸಂಜೆ ಬಸ್ಸಿಗೇ ಹೊರಡಬೇಕು. ನಮ್ಮ ಪಾಲೂ ಇದೆ ಇದರಲ್ಲಿ. ಅರೇಬಿಕಾ ಕುಯ್ಲು ಅಂತ ನವೆಂಬರ್, ಡಿಸೆಂಬರಲ್ಲಿ ಮಗನನ್ನ ತೋಟಕ್ಕೆ ಕರೆಸಿಕೊಂಡು, ಆಮೇಲೆ ಹಾಜರಿ ಯಾಕೆ ಕಡಿಮೆ ಅಂತ ಗದರೋದು ನ್ಯಾಯವಲ್ಲ.

ದುಡ್ಡಿನ ವಿಷಯದಲ್ಲಿ, ಪಿಜಿ ಬಾಡಿಗೆ ಮತ್ತು ಊಟದ ದುಡ್ಡು ನೀವೇ ನೇರವಾಗಿ ಕಟ್ಟಿ. ರೀಚಾರ್ಜು, ಬಸ್ಸು, ಜೆರಾಕ್ಸು, ತಿಂಡಿ, ಇಷ್ಟರ ದುಡ್ಡು ಮಾತ್ರ ಅವನ ಕೈಗೆ, ತಿಂಗಳ 1ಕ್ಕೆ ಅರ್ಧ, 16ಕ್ಕೆ ಅರ್ಧ. 10ನೇ ತಾರೀಖಿಗೇ ಮುಗೀತು ಅಂತ ಫೋನ್ ಬಂದ್ರೆ ಕಳಿಸಬೇಡಿ. ಹೊಟ್ಟೆಗೆ ತೊಂದರೆ ಇಲ್ಲ ಅಂತ ಗೊತ್ತಿರೋದ್ರಿಂದ ನಿಮಗೂ "ಇಲ್ಲ" ಅಂತ ಹೇಳೋ ಧೈರ್ಯ ಬರುತ್ತೆ. ಈ ಏರ್ಪಾಡು ಕೆಡೋದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಅಪ್ಪ ಇಲ್ಲ ಅಂತಾರೆ, ಅಮ್ಮನೋ ಅಜ್ಜಿಯೋ ಗುಟ್ಟಾಗಿ ಫೋನ್‌ಪೇ ಮಾಡ್ತಾರೆ. ಮನೆಯವರೆಲ್ಲ ಮೊದಲೇ ಮಾತಾಡಿಕೊಳ್ಳಿ.

ಎಲ್ಲ ತಪ್ಪನ್ನೂ ಹೀಗೆ ಆಗೋಕೆ ಬಿಡೋದಲ್ಲ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್) ಅರ್ಜಿ, ಪರೀಕ್ಷೆ ಫೀಸು, ಇವುಗಳ ಕೊನೇ ದಿನ ಜಾರಿದ್ರೆ ನಷ್ಟ ದೊಡ್ಡದು. ನಾಡಕಚೇರಿಯಿಂದ ಜಾತಿ-ಆದಾಯ ಪತ್ರ ಮಾಡಿಸೋದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸೋದು, ಅರ್ಜಿ ತುಂಬೋದು ಮಗನೋ ಮಗಳೋ ಮಾಡಲಿ. ನೀವು ಮನೆಯ ಕ್ಯಾಲೆಂಡರಲ್ಲಿ ಹತ್ತು ದಿನ ಮೊದಲಿನ ತಾರೀಖಿಗೆ ಗುರುತು ಹಾಕಿ, ಆವತ್ತು ಸ್ವೀಕೃತಿ ಕಳಿಸು ಅಂತ ಕೇಳಿ. "ಮಾಡಿದೆ" ಅನ್ನೋ ಬಾಯಿಮಾತು ಸಾಲದು.

ಫೇಲಾದ ಪೇಪರಿಗೆ ರೀವ್ಯಾಲ್ಯುಯೇಷನ್ (ಮರುಮೌಲ್ಯಮಾಪನ) ಹಾಕ್ತೀನಿ ಅಂದ್ರೆ, ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿ ಆ ಸಬ್ಜೆಕ್ಟಿನ ಮೇಷ್ಟ್ರಿಗೆ ತೋರಿಸಲಿ. ಅಂಕ ಹೆಚ್ಚೋ ಹಾಗಿದೆ ಅಂತ ಅವರು ಹೇಳಿದ್ರೆ ಮಾತ್ರ ಅರ್ಜಿ, ಫೀಸಲ್ಲಿ ಅರ್ಧ ಅವನ ಕೈದುಡ್ಡಿಂದ.