ಒಂದು ಎಂಜಿನ್ ನಿಂತ ಮೇಲೂ ಏರುವ ವಿಮಾನ

ಶ್ರೋತೃಗಳಿಗೆ ನಮಸ್ಕಾರ. ದೇವನಹಳ್ಳಿಯಿಂದ ಮೇಲೇರುವ ವಿಮಾನಗಳನ್ನು ದಿನವೂ ನೋಡುವ ಚಿಕ್ಕಬಳ್ಳಾಪುರದ ಕಡೆಯವರು ಕೇಳುವ ಪ್ರಶ್ನೆ ಒಂದುಂಟು: ಏರುವ ಹೊತ್ತಿಗೇ ಒಂದು ಎಂಜಿನ್ ಕೈಕೊಟ್ಟರೆ ಗತಿಯೇನು?

ಪ್ರತಿ ಹಾರಾಟಕ್ಕೂ ಮುಂಚೆ ವಿಮಾನದ ತೂಕ, ರನ್‌ವೇಯ ಉದ್ದ, ಗಾಳಿ, ಬಿಸಿಲು ಇವನ್ನೆಲ್ಲ ಲೆಕ್ಕ ಹಾಕಿ 'ವಿ-ಒನ್' ಎಂಬ ವೇಗವೊಂದನ್ನು ಗೊತ್ತುಮಾಡಿರುತ್ತಾರೆ. ಬೆಂಗಳೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಚೆನ್ನೈಯದಕ್ಕಿಂತ ತೆಳು; ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಎಂಜಿನ್ನಿನ ನೂಕುಬಲ ಇನ್ನಷ್ಟು ಕುಗ್ಗುತ್ತದೆ. ವಿ-ಒನ್ ಮುಟ್ಟುವ ಮೊದಲೇ ಎಂಜಿನ್ ಕೆಟ್ಟರೆ ಎಂಜಿನ್ನಿನ ನೂಕುಬಲ ಹೆಚ್ಚುಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳನ್ನು ಹಿಂದಕ್ಕೆಳೆದು, ಪೂರ್ತಿ ಬ್ರೇಕ್ ಹಾಕಿ, ರನ್‌ವೇ ಮುಗಿಯುವುದರೊಳಗೆ ನಿಲ್ಲಿಸಲು ಸಾಧ್ಯ. ಅಲ್ಲಿಯವರೆಗೆ ಕ್ಯಾಪ್ಟನ್ನರ ಕೈ ಆ ಲಿವರ್‌ಗಳ ಮೇಲೆಯೇ ಇರುತ್ತದೆ. 'ವಿ-ಒನ್' ಎಂಬ ಕರೆ ಕೇಳಿದೊಡನೆ ಅವರು ಕೈ ತೆಗೆದುಬಿಡುತ್ತಾರೆ. ಇನ್ನು ನಿಲ್ಲಿಸುವ ಮಾತಿಲ್ಲ.

ಆಮೇಲೆ ಕೆಟ್ಟರೆ, ಜೋಡಿಯಲ್ಲಿ ಒಂದು ಎತ್ತು ಸೋತಾಗ ಗಾಡಿ ಆ ಮಗ್ಗುಲಿಗೆ ಎಳೆಯುವ ಹಾಗೆ, ವಿಮಾನದ ಮೂತಿ ನಿಂತ ಎಂಜಿನ್ನಿನ ಕಡೆಗೆ ವಾಲುತ್ತದೆ. ಪೈಲಟ್ ನಡೆಯುತ್ತಿರುವ ಎಂಜಿನ್ನಿನ ಕಡೆಯ ಕಾಲಿನಿಂದ, ಬಾಲದ ಚುಕ್ಕಾಣಿಯನ್ನು ತಿರುಗಿಸುವ ರಡ್ಡರ್ ಪೆಡಲ್ ಒತ್ತಿ ಅದನ್ನು ನೇರಕ್ಕೆ ತಂದು, ಮೂತಿಯನ್ನು ನಿಧಾನವಾಗಿ ಎತ್ತಿ, ವಿಮಾನ ಏರುತ್ತಿದೆಯೆಂದು ಖಚಿತವಾದ ಬಳಿಕ ಚಕ್ರಗಳನ್ನು ಮಡಿಸುತ್ತಾರೆ. ಎರಡು ಎಂಜಿನ್ನಿನ ವಿಮಾನವು ಚಕ್ರ ಮಡಿಸಿದ ಮೇಲೆ ಒಂದೇ ಎಂಜಿನ್ನಿನಲ್ಲಿ ಪ್ರತಿ 100 ಮೀಟರ್ ದೂರಕ್ಕೆ ಕನಿಷ್ಠ 2.4 ಮೀಟರ್ ಏರಬಲ್ಲದಾಗಿರಬೇಕೆಂಬುದು ನಿಯಮ. ಇದು ಅಲ್ಪವೆಂದು ತೋರಬಹುದು, ಆದರೆ ಸಾಕು. ದಾರಿಯಲ್ಲಿ ಗುಡ್ಡಗಳಿದ್ದರೆ ವಿಮಾನ ಸಂಸ್ಥೆಗಳು ಅದಕ್ಕೆಂದೇ ಬೇರೆ ಮಾರ್ಗ ಗುರುತಿಸಿಟ್ಟಿರುತ್ತವೆ. ನಮ್ಮ ನಂದಿಬೆಟ್ಟವೇನೋ ಉತ್ತರಕ್ಕಿದೆ. ರನ್‌ವೇಗಳು ಪೂರ್ವ-ಪಶ್ಚಿಮವಾಗಿರುವುದರಿಂದ ಅದು ನೇರ ಎದುರಿಗೆ ಬರುವುದಿಲ್ಲ.

ಇಷ್ಟರಲ್ಲಿ ಎಚ್ಚರಿಕೆಯ ಗಂಟೆ ಬಾರಿಸುತ್ತಿರುತ್ತದೆ, ದೀಪಗಳು ಕೆಂಪಗೆ ಉರಿಯುತ್ತಿರುತ್ತವೆ. ಆದರೂ ಸಾಮಾನ್ಯವಾಗಿ 400 ಅಡಿ ಏರುವ ತನಕ, ಗಂಟೆಯ ಸದ್ದಡಗಿಸುವುದರ ಹೊರತು, ಕೆಟ್ಟ ಎಂಜಿನ್ನಿನ ಗೊಡವೆಗೆ ಯಾರೂ ಹೋಗುವುದಿಲ್ಲ. ನನಗೆ ಇಡೀ ವಿಧಾನದ ಜೀವಾಳ ಈ ಸುಮ್ಮನಿರುವಿಕೆಯಲ್ಲಿದೆ ಎನಿಸುತ್ತದೆ. 2015ರ ಫೆಬ್ರವರಿ 4ರಂದು ತೈಪೆಯಿಂದ ಹೊರಟ ಟ್ರಾನ್ಸ್‌ಏಷ್ಯಾ ವಿಮಾನದಲ್ಲಿ ಬಲಗಡೆಯ ಎಂಜಿನ್ ನೂಕುಬಲ ಕಳೆದುಕೊಂಡಾಗ ಪೈಲಟ್ ಆತುರದಲ್ಲಿ, ಚೆನ್ನಾಗಿ ನಡೆಯುತ್ತಿದ್ದ ಎಡಗಡೆಯದನ್ನೇ ನಿಲ್ಲಿಸಿಬಿಟ್ಟರು. ವಿಮಾನ ನದಿಗೆ ಬಿದ್ದು 43 ಜನ ಸತ್ತರು. ಆದ್ದರಿಂದಲೇ ಒಬ್ಬರು ಲಿವರ್ ಮೇಲೆ ಕೈಯಿಟ್ಟು ಕೆಟ್ಟದ್ದು ಯಾವ ಎಂಜಿನ್ ಎಂಬುದನ್ನು, ಉದಾಹರಣೆಗೆ ಬಲಗಡೆಯದಾದರೆ 'ಎರಡನೆಯದು' ಎಂದು, ಹೇಳಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಹೌದೆನ್ನಬೇಕು. ಆನಂತರವೇ ಇಂಧನ ಕಡಿಯುವುದು.

ಈ ಪಾಠವನ್ನು ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಆರು ತಿಂಗಳಿಗೊಮ್ಮೆ ಒಪ್ಪಿಸಬೇಕಾಗುತ್ತದೆ. ಹೀಗೆ ಒಂದೇ ಎಂಜಿನ್ನಿನಲ್ಲಿ ಏರಿದ ವಿಮಾನ ಸಾಮಾನ್ಯವಾಗಿ ಹೊರಟ ನಿಲ್ದಾಣಕ್ಕೋ ಹತ್ತಿರದ ಇನ್ನೊಂದಕ್ಕೋ ಬಂದಿಳಿಯುತ್ತದೆ, ಅಗ್ನಿಶಾಮಕ ವಾಹನಗಳು ರನ್‌ವೇ ಪಕ್ಕದಲ್ಲಿ ಕಾದಿರುತ್ತವೆ.